‘ಇರು’ ಎಂಬ ಕ್ರಿಯೆಯ ವಂಶಾವಳಿ: ಜರ್ಮನ್ ಪದವೊಂದು ಕೊಪಣನಾಡಿಗೆ ಕಲಿಸುವ ಪಾಠ

ಜರ್ಮನ್ ಭಾಷೆಯಲ್ಲಿ ‘ಇರು’ ಎಂಬ ಅರ್ಥದ ಕ್ರಿಯಾಪದವನ್ನು ಆ ದೇಶದವರು ‘ಜ಼ೈನ್’ ಎಂದು ಉಚ್ಚರಿಸುತ್ತಾರೆ. ಮೊದಲ ಅಕ್ಷರ ‘ಜ಼ಮೀನು’ ಶಬ್ದದಲ್ಲಿರುವ ಉರ್ದುವಿನ ‘ಜ಼’. ನಿಜಾಮರ ಆಡಳಿತದಲ್ಲಿ ಬಹುಕಾಲ ಇದ್ದ ಕುಕನೂರು, ಯಲಬುರ್ಗಾ, ಕೊಪ್ಪಳ ಭಾಗದ ಹಿರಿಯರ ಕಿವಿಗೆ ಈ ಧ್ವನಿ ಅಪರಿಚಿತವಲ್ಲ. ಪದವನ್ನು ಮೊದಲ ಬಾರಿ ಕೇಳಿದ ಕನ್ನಡಿಗನಿಗೆ ಅದು ‘ಜೈನ’ ಎಂದೇ ಕೇಳಿಸುತ್ತದೆ. ಅಲ್ಲಿಂದ ಊಹೆಗೆ ರೆಕ್ಕೆ ಮೂಡಲು ಹೆಚ್ಚು ಹೊತ್ತು ಬೇಕಾಗಿಲ್ಲ. ‘ಇರುವಿಕೆ’ಯನ್ನು ಹೇಳುವ ಪದವೇ ‘ಜೈನ’ವಾದರೆ ಆ ಧರ್ಮದ ಪ್ರಾಚೀನತೆಗೆ ಜರ್ಮನ್ ಭಾಷೆಯೇ ಸಾಕ್ಷಿಯಲ್ಲವೇ ಎಂದು ಕೇಳುವವರು ಹುಟ್ಟಿಕೊಳ್ಳಬಹುದು.

ಈ ಊಹೆಗೆ ಯಾವ ಆಧಾರವೂ ಇಲ್ಲ. ‘ಜೈನ’ ಶಬ್ದ ‘ಜಿನ’ದಿಂದ ಬಂದದ್ದು, ‘ಜಿನ’ ಎಂಬುದು ಗೆಲ್ಲು ಎಂಬರ್ಥದ ‘ಜಿ’ ಧಾತುವಿನಿಂದ ಬಂದದ್ದು. ಜರ್ಮನಿನ ‘ಜ಼ೈನ್’ ಬೇರೆಯೇ ಮೂಲದ್ದು. ಧ್ವನಿಗಳ ಹೋಲಿಕೆ ಇಲ್ಲಿ ಕೇವಲ ಆಕಸ್ಮಿಕ. ಆದರೆ ಗಮನಾರ್ಹ ಸಂಗತಿ ಮತ್ತೊಂದಿದೆ. ಈ ಜರ್ಮನ್ ಕ್ರಿಯಾಪದಕ್ಕೂ ಜೈನ ವಾಙ್ಮಯಕ್ಕೂ ನಿಜವಾದ ಸಂಬಂಧವೊಂದು ಇದ್ದೇ ಇದೆ. ಅದು ಕಿವಿಗೆ ಬೀಳುವ ಸಂಬಂಧವಲ್ಲ, ಕ್ರಿಯಾರೂಪಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಮಾತ್ರ ಕಾಣುವಂಥದು. ಪದಗಳ ಮೇಲುಮೇಲಿನ ಸಾಮ್ಯದಿಂದ ಭಾಷೆಗಳ ನಂಟನ್ನು ನಿರ್ಣಯಿಸುವ ಹವ್ಯಾಸ ಇಂದು ಕನ್ನಡ ಓದುಗರಲ್ಲಿಯೂ ಬರಹಗಾರರಲ್ಲಿಯೂ ಬೆಳೆಯುತ್ತಿದೆ. ಇದೇ ಹೊತ್ತಿನಲ್ಲಿ ಆಖ್ಯಾತ ಪ್ರಕರಣವನ್ನು ಗಂಭೀರವಾಗಿ ಓದುವವರ ಸಂಖ್ಯೆ ಕಡಿಮೆಯಾಗುತ್ತಿದೆ. ಈ ಎರಡೂ ಒಂದೇ ರೋಗದ ಲಕ್ಷಣಗಳು. ಅದಕ್ಕೆ ಮದ್ದು ಎಲ್ಲಿದೆ ಎಂಬುದನ್ನು ಈ ಒಂದು ಕ್ರಿಯಾಪದ ತೋರಿಸಿಕೊಡಬಲ್ಲುದು.

ಮೂರು ಧಾತುಗಳ ಒಂದು ಕ್ರಿಯಾಪದ

ಜರ್ಮನಿನಲ್ಲಿ ಈ ಕ್ರಿಯಾಪದದ ವರ್ತಮಾನ ರೂಪಗಳು ಹೀಗಿವೆ: ‘ಇಖ್ ಬಿನ್’ (ನಾನು ಇದ್ದೇನೆ), ‘ಡು ಬಿಸ್ಟ್’ (ನೀನು ಇದ್ದೀಯೆ), ‘ಎರ್ ಇಸ್ಟ್’ (ಅವನು ಇದ್ದಾನೆ), ‘ವೀರ್ ಜ಼ಿಂಟ್’ (ನಾವು ಇದ್ದೇವೆ), ‘ಈರ್ ಜ಼ೈಟ್’ (ನೀವು ಇದ್ದೀರಿ), ‘ಜ಼ೀ ಜ಼ಿಂಟ್’ (ಅವರು ಇದ್ದಾರೆ). ಭೂತಕಾಲದಲ್ಲಿ ‘ವಾರ್’, ಕೃದಂತದಲ್ಲಿ ‘ಗೆವೇಜ಼ೆನ್’. ಬಿನ್, ಇಸ್ಟ್, ವಾರ್ ಎಂಬ ಮೂರು ರೂಪಗಳಿಗೆ ಒಂದಕ್ಕೊಂದು ಯಾವ ಹೋಲಿಕೆಯೂ ಇಲ್ಲ. ಜರ್ಮನ್ ಕಲಿಯುವ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡುವುದೊಂದೇ ದಾರಿ. ಆದರೆ ಸಂಸ್ಕೃತದ ಅಲ್ಪಸ್ವಲ್ಪ ಪರಿಚಯವಿರುವ ಕನ್ನಡಿಗನಿಗೆ ಇಲ್ಲಿ ಮೂರು ಹಳೆಯ ಪರಿಚಿತರು ಎದುರಾಗುತ್ತಾರೆ: ಅಸ್, ಭೂ ಮತ್ತು ವಸ್.

‘ಇಸ್ಟ್’ ಎಂಬುದು ಸಂಸ್ಕೃತದ ‘ಅಸ್ತಿ’. ಲ್ಯಾಟಿನ್ನಿನ ‘ಎಸ್ತ್’, ಗ್ರೀಕಿನ ‘ಎಸ್ತಿ’ ಇವೂ ಅದರ ಒಡಹುಟ್ಟುಗಳು. ‘ಜ಼ಿಂಟ್’ ಎಂಬುದು ‘ಸಂತಿ’, ಲ್ಯಾಟಿನ್ನಿನಲ್ಲಿ ‘ಸುಂತ್’. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಂಸ್ಕೃತದಲ್ಲಿ ಏಕವಚನದ ‘ಅಸ್ತಿ’ಯಲ್ಲಿರುವ ಧಾತುವಿನ ಮೊದಲ ಸ್ವರ ಬಹುವಚನದ ‘ಸಂತಿ’ಯಲ್ಲಿ ಲೋಪವಾಗುತ್ತದೆ. ಜರ್ಮನಿನಲ್ಲಿಯೂ ‘ಇಸ್ಟ್’ ಪದದ ಮೊದಲ ಸ್ವರ ‘ಜ಼ಿಂಟ್’ ಎಂಬಲ್ಲಿ ಇಲ್ಲ. ಎರಡು ಭಾಷೆಗಳಲ್ಲಿ ಪದವೊಂದು ಒಂದೇ ಆಗಿದ್ದರೆ ಅದು ಎರವಲು ಇರಬಹುದು, ಆಕಸ್ಮಿಕವೂ ಇರಬಹುದು. ಆದರೆ ಒಂದೇ ಕ್ರಿಯೆಯಲ್ಲಿ, ಒಂದೇ ಸ್ಥಾನದಲ್ಲಿ, ಒಂದೇ ಬಗೆಯ ಅಪವಾದ ಕಂಡುಬಂದರೆ ಅದು ವಂಶಪಾರಂಪರ್ಯವಾಗಿ ಬಂದದ್ದೆಂದೇ ತಿಳಿಯಬೇಕಾಗುತ್ತದೆ. ಪದಗಳನ್ನು ಜನ ಎರವಲು ತರುತ್ತಾರೆ. ಅಪವಾದಗಳನ್ನು ಯಾರೂ ಎರವಲು ತರುವುದಿಲ್ಲ.

‘ಬಿನ್’ ಎಂಬ ಉತ್ತಮಪುರುಷ ರೂಪದ ಹಳೆಯ ಪಾಠ ‘ಬಿಮ್’. ಅದರ ಮೊದಲಲ್ಲಿರುವ ಬಕಾರ ‘ಭೂ’ ಧಾತುವಿನದು. ‘ಭವತಿ’, ‘ಭಾವ’, ‘ಸ್ವಭಾವ’, ‘ಅನುಭವ’ಗಳಲ್ಲಿರುವುದೂ ಅದೇ. ಕೊನೆಯ ಮಕಾರ ‘ಅಸ್ಮಿ’ಯ ‘ಮಿ’. ಈ ‘ಮಿ’ಯನ್ನು ನೋಡಲು ಜರ್ಮನಿಗೆ ಹೋಗಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ, ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಆ ಪ್ರಸಿದ್ಧ ಪ್ರಾಕೃತ ಶಾಸನದಲ್ಲಿ, ‘ನಾನು ಆಗಿದ್ದೇನೆ’ ಎಂಬರ್ಥದ ‘ಸುಮಿ’ ಎಂಬ ರೂಪ ಇದೆ. ಅದು ‘ಅಸ್ಮಿ’ಯ ಪ್ರಾಕೃತ ರೂಪ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿಯೂ ಅಶೋಕನ ಇದೇ ಬಗೆಯ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈ ನಾಡಿನ ಕಲ್ಲಿನಲ್ಲಿ ಮೊದಲು ಕೊರೆಯಲ್ಪಟ್ಟ ‘ಇರು’ ಎಂಬ ಕ್ರಿಯೆ, ಇಂದು ಜರ್ಮನರು ದಿನಬೆಳಗಾದರೆ ಆಡುವ ‘ಬಿನ್’ ಶಬ್ದದ ಕೊನೆಯ ಅಕ್ಷರಕ್ಕೆ ಬಂಧು. ಆದರೆ ಅದೇ ಬಂಡೆಗಳ ಸುತ್ತ ದನ ಮೇಯಿಸುವ ಹುಡುಗ ಆಡುವ ‘ಅದೀನಿ’ ಎಂಬ ಮಾತಿಗೆ ಅದು ಬಂಧುವಲ್ಲ. ನೆಲ ಒಂದಾದ ಮಾತ್ರಕ್ಕೆ ನುಡಿಯ ಕುಲ ಒಂದಾಗುವುದಿಲ್ಲ; ನೆಲ ದೂರವಾದ ಮಾತ್ರಕ್ಕೆ ಕುಲ ಬೇರೆಯಾಗುವುದೂ ಇಲ್ಲ.

ಮೂರನೆಯ ಧಾತು ‘ವಸ್’. ಭೂತಕಾಲದ ‘ವಾರ್’ ಮತ್ತು ‘ಗೆವೇಜ಼ೆನ್’ ಎರಡೂ ಇದರವು. ಹಳೆಯ ಜರ್ಮನಿನಲ್ಲಿ ಏಕವಚನ ‘ವಸ್’ ಎಂದೇ ಇತ್ತು. ಬಹುವಚನದಲ್ಲಿ ಮಾತ್ರ ಸಕಾರ ರಕಾರವಾಗಿತ್ತು. ಸ್ವರಭಾರದ ಸ್ಥಾನವನ್ನು ಅವಲಂಬಿಸಿ ಆದ ಈ ವ್ಯತ್ಯಾಸದ ನಿಯಮವನ್ನು ವಿವರಿಸಿದವನು 19ನೆಯ ಶತಮಾನದ ಡೆನ್ಮಾರ್ಕಿನ ವಿದ್ವಾಂಸ ಕಾರ್ಲ್ ವೆರ್ನರ್. ಕಾಲಕ್ರಮದಲ್ಲಿ ಬಹುವಚನದ ರಕಾರವು ಜರ್ಮನಿನಲ್ಲಿ ಏಕವಚನಕ್ಕೂ ಹಬ್ಬಿತು. ಇಂಗ್ಲಿಷಿನ ‘ವಾಸ್’ ಮತ್ತು ‘ವರ್’ ಎಂಬ ಜೋಡಿಯಲ್ಲಿ ಹಳೆಯ ಭೇದ ಇನ್ನೂ ಉಳಿದಿದೆ. ಸಂಸ್ಕೃತದಲ್ಲಿ ‘ವಸ್’ ಎಂದರೆ ತಂಗು, ವಾಸಿಸು. ಕೃದಂತ ನಾಮವಾದ ‘ವಸತಿ’ ಕನ್ನಡಕ್ಕೆ ಬಂದು, ವಕಾರ ಬಕಾರವಾಗಿ, ತಕಾರ ದಕಾರವಾಗಿ ‘ಬಸದಿ’ಯಾಯಿತು. ಕೊಪಣದಲ್ಲಿ ಏಳುನೂರ ಎಪ್ಪತ್ತೆರಡು ಬಸದಿಗಳಿದ್ದವೆಂಬ ಮಾತು ಪರಂಪರೆಯಿಂದ ಬಂದಿದೆ. ಆ ಮಹಾತೀರ್ಥದ ಪ್ರತಿಯೊಂದು ಬಸದಿಯ ಹೆಸರಿನಲ್ಲಿ ಅಡಗಿರುವ ಧಾತುವೂ ಜರ್ಮನರು ‘ಇತ್ತು’ ಎನ್ನುವಾಗ ಬಳಸುವ ಧಾತುವೂ ಒಂದೇ. ಜರ್ಮನ್ ತತ್ತ್ವಜ್ಞಾನಿಗಳು ವಸ್ತುವಿನ ಸಾರ, ಸ್ವರೂಪ ಎಂಬರ್ಥದಲ್ಲಿ ಬಳಸುವ ‘ವೇಜ಼ೆನ್’ ಕೂಡ ಅದೇ ಮನೆತನದ ಶಬ್ದ.

ಇಲ್ಲಿ ಬಂಧುತ್ವಕ್ಕೂ ಎರವಲಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ‘ವಾರ್’ ಎಂಬುದು ಜರ್ಮನಿಗೆ ಪಿತ್ರಾರ್ಜಿತ. ‘ಬಸದಿ’ ಎಂಬುದು ಕನ್ನಡಕ್ಕೆ ಎರವಲು ಬಂದ ಸೊತ್ತು. ಎರವಲಾದರೂ ಕನ್ನಡ ಅದನ್ನು ತನ್ನ ಬಾಯಿಗೆ ಹೊಂದುವಂತೆ ತಿದ್ದಿಕೊಂಡಿತು. ಆ ತಿದ್ದುಪಡಿಯ ನಿಯಮಗಳನ್ನು ಕೇಶಿರಾಜ ಅಪಭ್ರಂಶ ಪ್ರಕರಣದಲ್ಲಿ ಕ್ರಮವಾಗಿ ಹೇಳಿದ. ಯಾವುದು ಸ್ವಂತದ್ದು, ಯಾವುದು ತಂದದ್ದು ಎಂಬ ವಿವೇಕ ಕನ್ನಡದ ವೈಯಾಕರಣರಿಗೆ ಏಳುನೂರು ವರ್ಷಗಳ ಹಿಂದೆಯೇ ಇತ್ತು.

1816ರ ಎರಡು ಪುಸ್ತಕಗಳು

ಈ ಬಗೆಯ ಅಧ್ಯಯನಕ್ಕೆ ಶಾಸ್ತ್ರದ ಸ್ಥಾನ ದೊರೆತದ್ದು 1816ರಲ್ಲಿ. ಆ ವರ್ಷ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಫ್ರಾಂಜ಼್ ಬೋಪ್ ಎಂಬ ಇಪ್ಪತ್ತೈದರ ತರುಣನ ಪುಸ್ತಕವೊಂದು ಪ್ರಕಟವಾಯಿತು. ಅದರ ವಿಷಯ ಸಂಸ್ಕೃತದ ಕ್ರಿಯಾಪದ ವ್ಯವಸ್ಥೆ. ಗ್ರೀಕ್, ಲ್ಯಾಟಿನ್, ಪಾರಸಿ ಹಾಗೂ ಜರ್ಮಾನಿಕ್ ಭಾಷೆಗಳೊಡನೆ ಅದರ ಹೋಲಿಕೆ. ಪದಪಟ್ಟಿಗಳನ್ನು ಬದಿಗಿಟ್ಟು ಆಖ್ಯಾತ ಪ್ರತ್ಯಯಗಳನ್ನು ಹೋಲಿಸಿದ್ದೇ ಅವನ ಹೆಚ್ಚುಗಾರಿಕೆ. ಅದೇ 1816ರಲ್ಲಿ ಮದರಾಸಿನಲ್ಲಿ ಕ್ಯಾಂಪ್‌ಬೆಲ್ಲನ ತೆಲುಗು ವ್ಯಾಕರಣ ಅಚ್ಚಾಯಿತು. ಅದರ ಪೀಠಿಕೆಗೆ ಟಿಪ್ಪಣಿಯಾಗಿ ಫ್ರಾನ್ಸಿಸ್ ವೈಟ್ ಎಲ್ಲಿಸ್ ಬರೆದ ಪ್ರಬಂಧದಲ್ಲಿ, ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳಿಗೆ ತಮ್ಮದೇ ಆದ ಸಮಾನ ಧಾತುಗಳಿವೆ ಎಂದು ತೋರಿಸಲಾಗಿತ್ತು. ಒಬ್ಬರನ್ನೊಬ್ಬರು ಅರಿಯದ ಇಬ್ಬರು, ಒಂದೇ ವರ್ಷದಲ್ಲಿ, ಎರಡು ಭಾಷಾಕುಟುಂಬಗಳಿಗೆ ಬಾಗಿಲು ತೆರೆದರು. ಕಾಲ್ಡ್‌ವೆಲ್ಲನ ಪ್ರಸಿದ್ಧ ದ್ರಾವಿಡ ತೌಲನಿಕ ವ್ಯಾಕರಣ ಬಂದದ್ದು ಇದಾದ ನಾಲ್ವತ್ತು ವರ್ಷಗಳ ಬಳಿಕ, 1856ರಲ್ಲಿ.

ಬೋಪನಿಂದ ಕಲಿಯಬೇಕಾದ ಎಚ್ಚರಿಕೆಯೂ ಒಂದಿದೆ. ‘ಅಸ್’ ಧಾತುವಿನ ಮೋಹದಲ್ಲಿ ಆತ ಅನೇಕ ಪ್ರತ್ಯಯಗಳ ಒಳಗೂ ಅದೇ ಧಾತು ಅಡಗಿದೆಯೆಂದು ವಾದಿಸಿದ. ಮುಂದಿನ ವಿದ್ವಾಂಸರು ಅವುಗಳಲ್ಲಿ ಹಲವನ್ನು ತಳ್ಳಿಹಾಕಿದರು. ಅದರಿಂದ ಬೋಪನ ಗೌರವಕ್ಕೆ ಕುಂದು ಬರಲಿಲ್ಲ. ತಪ್ಪನ್ನು ತಪ್ಪೆಂದು ತೋರಿಸಲು ಬೇಕಾದ ಸಾಧನವನ್ನು ಅವನೇ ಒದಗಿಸಿದ್ದ. ಇಂದು ಕನ್ನಡದಲ್ಲಿ ಪ್ರಕಟವಾಗುವ ಅನೇಕ ನಿಷ್ಪತ್ತಿಗಳ ದೋಷ ಅವು ತಪ್ಪಾಗಿರುವುದಷ್ಟೇ ಅಲ್ಲ; ತಪ್ಪೆಂದು ತೋರಿಸಲು ಅವುಗಳಲ್ಲಿ ಯಾವ ನಿಯಮವೂ ಇಲ್ಲದಿರುವುದು ಹೆಚ್ಚಿನ ದೋಷ.

ಕನ್ನಡದ ‘ಇರ್’

ಈಗ ಕನ್ನಡದ ಕಡೆಗೆ ತಿರುಗಬಹುದು. ಕನ್ನಡದಲ್ಲಿ ಜರ್ಮನಿನ ‘ಜ಼ೈನ್’ ಮಾಡುವ ಕೆಲಸವನ್ನು ಒಂದೇ ಕ್ರಿಯೆ ಮಾಡುವುದಿಲ್ಲ. ಇರುವಿಕೆಗೆ ‘ಇರ್’ ಮತ್ತು ‘ಉಳ್’, ಮಾರ್ಪಾಡಿಗೆ ‘ಆಗು’, ‘ಅವನು ಮೇಷ್ಟ್ರು’ ಎಂಬಂಥ ವಾಕ್ಯದಲ್ಲಿ ಕ್ರಿಯಾಪದವೇ ಬೇಡ. ನಿಷೇಧದಲ್ಲಂತೂ ಕನ್ನಡ ಜರ್ಮನಿಗಿಂತ ಸೂಕ್ಷ್ಮ: ಇರುವಿಕೆಯನ್ನು ಅಲ್ಲಗಳೆಯಲು ‘ಇಲ್ಲ’, ತಾದಾತ್ಮ್ಯವನ್ನು ಅಲ್ಲಗಳೆಯಲು ‘ಅಲ್ಲ’. ‘ಅವನು ಮೇಷ್ಟ್ರಲ್ಲ’ ಎಂಬುದಕ್ಕೂ ‘ಮೇಷ್ಟ್ರು ಇಲ್ಲ’ ಎಂಬುದಕ್ಕೂ ಇರುವ ಅಂತರವನ್ನು ಜರ್ಮನ್ ಒಂದೇ ‘ಇಸ್ಟ್ ನಿಖ್ಟ್’ನಲ್ಲಿ ಹೇಳಿ ಮುಗಿಸುತ್ತದೆ. ಇರ್, ಉಳ್, ಆಗು, ಇಲ್, ಅಲ್ ಇವೆಲ್ಲಕ್ಕೂ ತಮಿಳಿನಲ್ಲಿ ನೇರವಾದ ಒಡಹುಟ್ಟುಗಳಿವೆ. ಸಂಸ್ಕೃತದ ‘ಅಸ್’ ಕುಟುಂಬದೊಡನೆ ಇವುಗಳಿಗೆ ನಂಟಿಲ್ಲ.

ರಚನೆಯ ಭೇದವೂ ಅಷ್ಟೇ ಆಳವಾದದ್ದು. ‘ಅಸ್ತಿ’ ಎಂದಾಗ ಇರುವವನು ಗಂಡೋ ಹೆಣ್ಣೋ ಎಂಬುದು ಕ್ರಿಯಾಪದದಿಂದ ತಿಳಿಯದು. ‘ಇಸ್ಟ್’ ಎಂದಾಗಲೂ ತಿಳಿಯದು. ಕನ್ನಡದಲ್ಲಿ ‘ಇರ್ದಂ’, ‘ಇರ್ದಳ್’, ‘ಇರ್ದುದು’ ಎಂದು ಲಿಂಗವು ಕ್ರಿಯೆಯ ಕೊನೆಯಲ್ಲಿಯೇ ಕೂತಿರುತ್ತದೆ. ಹಳಗನ್ನಡದಲ್ಲಿ ವರ್ತಮಾನಕ್ಕೆ ‘ದಪ’, ಭೂತಕ್ಕೆ ‘ದ’, ಭವಿಷ್ಯತ್ತಿಗೆ ‘ವ’ ಎಂದು ಕಾಲಸೂಚಕಗಳು. ಅವುಗಳ ಮೇಲೆ ಅಂ, ಅರ್, ಅಯ್, ಇರ್, ಎಂ, ಎವು ಎಂಬ ಆಖ್ಯಾತ ವಿಭಕ್ತಿಗಳು. ಕಾಲಸೂಚಕವನ್ನೇ ಬಿಟ್ಟು ಧಾತುವಿಗೆ ನೇರವಾಗಿ ವಿಭಕ್ತಿ ಹಚ್ಚಿದರೆ ಅದು ನಿಷೇಧವಾಗುತ್ತದೆ: ‘ನೋಡೆಂ’ ಎಂದರೆ ನೋಡುವುದಿಲ್ಲ. ಕಾಲವನ್ನು ತೆಗೆದೊಡನೆ ಕ್ರಿಯೆಯೇ ಇಲ್ಲವಾಗುವ ಈ ಏರ್ಪಾಡು ಕನ್ನಡದ ಅತ್ಯಂತ ಸೊಗಸಾದ ರಚನೆಗಳಲ್ಲಿ ಒಂದು. ಶಿಷ್ಟಭಾಷೆಯಲ್ಲಿ ಅದು ಬಹುಮಟ್ಟಿಗೆ ಮರೆಯಾಗಿದ್ದರೂ ಕುಕನೂರಿನ ಸಂತೆಯಲ್ಲಿ ‘ನಾ ಒಲ್ಲೆ’ ಎನ್ನುವ ಅಜ್ಜಿಯ ಬಾಯಲ್ಲಿ ಇಂದಿಗೂ ಜೀವಂತವಾಗಿದೆ. ‘ಒಲ್’ ಎಂದರೆ ಇಷ್ಟಪಡು. ‘ಒಲ್ಲೆ’ ಎಂದರೆ ಇಷ್ಟಪಡೆನು.

ಈ ವ್ಯವಸ್ಥೆಯನ್ನು ಶಾಸ್ತ್ರಕ್ಕೆ ಇಳಿಸಿದ ಕೀರ್ತಿ ಬಹುಪಾಲು ಜೈನ ವೈಯಾಕರಣರಿಗೆ ಸಲ್ಲುತ್ತದೆ. ‘ಕರ್ಣಾಟಕ ಭಾಷಾಭೂಷಣ’ವನ್ನು ಬರೆದ ನಾಗವರ್ಮ, 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜ, 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ ಭಟ್ಟಾಕಳಂಕ ಈ ಮೂವರ ಸಾಧನೆ ಇದು. ಪಾರಿಭಾಷಿಕ ಶಬ್ದಗಳನ್ನು ಸಂಸ್ಕೃತ ವ್ಯಾಕರಣದಿಂದ ಪಡೆದರೂ, ಸಂಸ್ಕೃತದ ಲಕಾರಗಳ ಅಚ್ಚಿಗೆ ಕನ್ನಡದ ಕ್ರಿಯೆಯನ್ನು ಬಲವಂತವಾಗಿ ತುರುಕದೆ ಕನ್ನಡಕ್ಕೇ ಪ್ರತ್ಯೇಕ ಧಾತುಗಳ ಪಟ್ಟಿಯನ್ನು ಕೊಟ್ಟ ಕೇಶಿರಾಜನ ವಿವೇಕ ದೊಡ್ಡದು.

ಆ ವಿವೇಕವನ್ನು ಗುರುತಿಸಿದವನೊಬ್ಬ ಜರ್ಮನ್ ಎಂಬುದೂ ಇಲ್ಲಿ ಉಲ್ಲೇಖಾರ್ಹ. 1832ರಲ್ಲಿ ಜರ್ಮನಿಯ ಈಸ್ಟ್ ಫ್ರಿಸಿಯಾ ಪ್ರದೇಶದಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನ ಮೂಲಕ ಕರ್ನಾಟಕಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲ್, 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಮಂಗಳೂರಿನಲ್ಲಿ ಪ್ರಕಟಿಸಿದ. 1894ರ ಅವನ ನಿಘಂಟು ಎಲ್ಲರಿಗೂ ಗೊತ್ತು. 1903ರಲ್ಲಿ ಹೊರಬಂದ ಅವನ ಕನ್ನಡ ವ್ಯಾಕರಣ ಗೊತ್ತಿರುವವರು ಕಡಿಮೆ. ಪ್ರಾಚೀನ, ಮಧ್ಯಕಾಲೀನ, ಆಧುನಿಕ ಎಂಬ ಮೂರೂ ಅವಸ್ಥೆಗಳ ಕನ್ನಡವನ್ನು ಅದರಲ್ಲಿ ಒಟ್ಟಿಗೆ ಇಟ್ಟು ನೋಡಲಾಗಿದೆ. ಬೋಪನ ದೇಶದಿಂದ ಬಂದವನು ಕನ್ನಡದ ಕ್ರಿಯೆಯನ್ನು ಸಂಸ್ಕೃತದ ಮಗುವೆಂದು ಕರೆಯಲಿಲ್ಲ. ಕೇಶಿರಾಜನ ಹಿಂದೆ ನಡೆದ.

‘ಬಂದಾನ’ ತಪ್ಪೇ?

‘ಕವಿರಾಜಮಾರ್ಗ’ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಕರೆದದ್ದು 9ನೆಯ ಶತಮಾನದಲ್ಲಿ. ಕೊಪಣದಿಂದ ಪುಲಿಗೆರೆಯ ಕಡೆಗೂ ಕಿಸುವೊಳಲ ಕಡೆಗೂ ಸಾಗುವ ಈ ಸೀಮೆಯೊಳಗೇ ಇಂದಿನ ಕುಕನೂರು ಇದೆ. ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯದ ಊರು ಅದು. ಆ ತಿರುಳ್ಗನ್ನಡದ ನಾಡಿನ ಮಕ್ಕಳು ಇಂದು ತರಗತಿಯಲ್ಲಿ ‘ಅವ ಬಂದಾನ’, ‘ಅಕಿ ಹೋಗ್ಯಾಳ’, ‘ಮಳಿ ಬಂದೈತಿ’ ಎಂದು ಬರೆದರೆ ಕೆಂಪು ಶಾಯಿಯ ಗೆರೆ ಬೀಳುತ್ತದೆ. ಗ್ರಾಂಥಿಕ ಭಾಷೆಯನ್ನು ಕಲಿಸುವುದು ಶಾಲೆಯ ಕರ್ತವ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗೆರೆಯ ಜೊತೆಗೆ ‘ನಿನ್ನ ಮಾತಿಗೆ ವ್ಯಾಕರಣವಿಲ್ಲ’ ಎಂಬ ತೀರ್ಪೂ ಮಗುವಿನ ಮನಸ್ಸಿಗೆ ಇಳಿಯುತ್ತದೆ. ಆ ತೀರ್ಪು ಸುಳ್ಳು.

ಜರ್ಮನ್ ಕ್ರಿಯಾಪದವನ್ನೇ ಇಲ್ಲಿ ಸಾಕ್ಷಿಗೆ ಕರೆಯಬಹುದು. ಆ ಭಾಷೆಯಲ್ಲಿ ‘ಅವನು ಬಂದನು’ ಎಂಬುದಕ್ಕೆ ‘ಎರ್ ಕಾಮ್’. ‘ಅವನು ಬಂದಿದ್ದಾನೆ’ ಎಂಬುದಕ್ಕೆ ‘ಎರ್ ಇಸ್ಟ್ ಗೆಕೊಮ್ಮೆನ್’. ಅಂದರೆ ‘ಬಂದ’ ಎಂಬ ಕೃದಂತದ ಜೊತೆಗೆ ‘ಇರು’ ಕ್ರಿಯೆಯ ವರ್ತಮಾನ ರೂಪ. ‘ಅವನು ಬಂದಿದ್ದನು’ ಎಂಬುದಕ್ಕೆ ‘ಎರ್ ವಾರ್ ಗೆಕೊಮ್ಮೆನ್’. ಹೋಗು, ಬರು ಮೊದಲಾದ ಚಲನೆಯ ಕ್ರಿಯೆಗಳಿಗೂ ಸ್ಥಿತಿ ಬದಲಾವಣೆಯ ಕ್ರಿಯೆಗಳಿಗೂ ಜರ್ಮನ್ ಹೀಗೆ ‘ಇರು’ವಿನ ಸಹಾಯ ಪಡೆಯುತ್ತದೆ, ಉಳಿದವುಗಳಿಗೆ ‘ಉಳ್ಳವನಾಗು’ ಎಂಬರ್ಥದ ಬೇರೆ ಕ್ರಿಯೆ. ಕನ್ನಡದಲ್ಲಿ ಆ ಎರಡನೆಯ ಕ್ರಿಯೆ ಇಲ್ಲದಿರುವುದರಿಂದ ‘ಬಂದಿದ್ದಾನೆ’, ‘ಮಾಡಿದ್ದಾನೆ’ ಎಂದು ಎಲ್ಲಕ್ಕೂ ‘ಇರು’ವೇ ಆಧಾರ.

ಕೊಪ್ಪಳ ಸೀಮೆಯ ಮಾತಿನಲ್ಲಿ ‘ಬಂದ’, ‘ಬಂದಾನ’, ‘ಬಂದಿದ್ದ’ ಎಂಬ ಮೂರು ರೂಪಗಳು ಇದೇ ಮೂರು ಅರ್ಥಗಳನ್ನು ತಪ್ಪದೆ ಬೇರ್ಪಡಿಸುತ್ತವೆ. ‘ಮಾವ ಬಂದ’ ಎಂದರೆ ಬಂದ ಘಟನೆ ನಡೆಯಿತು ಎಂದಷ್ಟೇ. ‘ಮಾವ ಬಂದಾನ’ ಎಂದರೆ ಬಂದವನು ಈಗಲೂ ಮನೆಯಲ್ಲಿದ್ದಾನೆ, ನೀರು ಕೊಡಬೇಕು, ಚಹಾಕ್ಕೆ ಇಡಬೇಕು ಎಂದು. ‘ಇದ್ದಾನೆ’, ‘ಅದಾನ’ಗಳಲ್ಲಿ ಕಾಣುವ ‘ಆನ’ ಎಂಬ ಅಂತ್ಯವೇ ಇಲ್ಲಿ ‘ಬಂದು’ ಎಂಬುದಕ್ಕೆ ಕೂಡಿಕೊಂಡಿದೆ. ‘ಹೋಗಿ’ ಎಂಬುದಕ್ಕೆ ಕೂಡಿ ‘ಹೋಗ್ಯಾನ’ ಆಗಿದೆ. ಹೆಣ್ಣಾದರೆ ‘ಬಂದಾಳ’, ಬಹುವಚನವಾದರೆ ‘ಬಂದಾರ’, ನಪುಂಸಕವಾದರೆ ‘ಬಂದೈತಿ’. ಪುರುಷ, ಲಿಂಗ, ವಚನ ಯಾವುದರಲ್ಲಿಯೂ ಗೊಂದಲವಿಲ್ಲ. ಗ್ರಾಂಥಿಕ ಭಾಷೆ ನಾಲ್ಕು ಅಕ್ಷರಗಳಲ್ಲಿ ಹೇಳುವುದನ್ನು ಕುಕನೂರಿನ ಹುಡುಗಿ ಮೂರೇ ಅಕ್ಷರಗಳಲ್ಲಿ, ಅರ್ಥಕ್ಕೆ ಕೂದಲಷ್ಟೂ ಭಂಗ ಬಾರದಂತೆ ಹೇಳುತ್ತಾಳೆ. ಕೇಶಿರಾಜ ಇಂದು ಇದ್ದಿದ್ದರೆ ಈ ರೂಪಗಳಿಗೆ ಒಂದು ಸೂತ್ರ ಬರೆಯುತ್ತಿದ್ದನೇ ಹೊರತು ಗೆರೆ ಎಳೆಯುತ್ತಿರಲಿಲ್ಲ.

ಇಂಥ ಹೋಲಿಕೆಯಿಂದ ಕನ್ನಡಕ್ಕೂ ಜರ್ಮನಿಗೂ ಬಂಧುತ್ವ ಸಿದ್ಧವಾಗುವುದಿಲ್ಲ ಎಂಬುದನ್ನು ಮತ್ತೆ ಹೇಳಬೇಕು. ಕುಳಿತಿರು, ತಂಗು ಎಂಬ ಅರ್ಥದ ಧಾತು ಕ್ರಮೇಣ ‘ಇರು’ ಎಂಬ ಅರ್ಥಕ್ಕೆ ಇಳಿಯುವುದು ಅನೇಕ ಭಾಷೆಗಳಲ್ಲಿದೆ. ಮಲಯಾಳಂನಲ್ಲಿ ‘ಇರಿಕ್ಕುಕ’ ಎಂದರೆ ಇಂದಿಗೂ ಕುಳಿತುಕೊಳ್ಳುವುದು. ಜರ್ಮನಿನಲ್ಲಿ ತಂಗುವ ‘ವಸ್’ ಇರುವ ‘ವಾರ್’ ಆಯಿತು. ಇದು ಮನುಷ್ಯರ ಮನಸ್ಸು ನಡೆಯುವ ಹಾದಿಯ ಸಾಮ್ಯ, ರಕ್ತಸಂಬಂಧವಲ್ಲ. ‘ಅಸ್ತಿ–ಸಂತಿ’ ಮತ್ತು ‘ಇಸ್ಟ್–ಜ಼ಿಂಟ್’ಗಳ ನಡುವಿನದು ಮಾತ್ರ ರಕ್ತಸಂಬಂಧ. ಈ ಎರಡನ್ನು ಬೇರ್ಪಡಿಸಲು ಬಾರದವನು ನಿಷ್ಪತ್ತಿಶಾಸ್ತ್ರದ ಹೊಸಿಲನ್ನೂ ದಾಟಿಲ್ಲ.

‘ಸ್ಯಾತ್’ ಮತ್ತು ‘ಜ಼ೈ’

ಜೈನ ವಾಙ್ಮಯದ ದೃಷ್ಟಿಯಿಂದ ಈ ಕ್ರಿಯಾಪದದ ಅತ್ಯಂತ ಮಹತ್ತ್ವದ ರೂಪವೊಂದು ಉಳಿದಿದೆ. ಜರ್ಮನಿನಲ್ಲಿ ‘ಜ಼ೈ’ ಎಂಬುದೊಂದು ರೂಪ. ಇದು ‘ಅಸ್’ ಕುಟುಂಬದ ಹಳೆಯ ವಿಧ್ಯರ್ಥಕ ರೂಪದಿಂದ ಇಳಿದು ಬಂದದ್ದು. ಹಳೆಯ ಲ್ಯಾಟಿನ್ನಿನಲ್ಲಿ ‘ಸಿಯೇತ್’, ಸಂಸ್ಕೃತದಲ್ಲಿ ‘ಸ್ಯಾತ್’. ಸ್ಯಾದ್ವಾದದ ‘ಸ್ಯಾತ್’ ಇದೇ. ‘ಸ್ಯಾದಸ್ತಿ’ ಎಂಬ ಭಂಗದಲ್ಲಿ ‘ಅಸ್’ ಧಾತು ಎರಡು ಬಾರಿ, ಎರಡು ಅವಸ್ಥೆಗಳಲ್ಲಿ ಬಂದಿದೆ. ಆ ಎರಡೂ ಜರ್ಮನಿನಲ್ಲಿ ‘ಜ಼ೈ’ ಮತ್ತು ‘ಇಸ್ಟ್’ ಎಂದು ಇಂದಿಗೂ ಬದುಕಿವೆ. ಆರಂಭದಲ್ಲಿ ಹೇಳಿದ ನಿಜವಾದ ನಂಟು ಇದು. ‘ಜ಼ೈನ್’ ಶಬ್ದ ಜೈನವಲ್ಲ. ಆದರೆ ಅದರ ಒಂದು ರೂಪ ಜೈನ ತರ್ಕದ ಕೀಲಿಪದಕ್ಕೆ ಸೋದರ.

ಈ ‘ಜ಼ೈ’ ರೂಪವನ್ನು ಜರ್ಮನ್ ಪತ್ರಿಕೆಗಳು ದಿನವೂ ಬಳಸುತ್ತವೆ. ಯಾರಾದರೂ ‘ಕಾಮಗಾರಿ ಮುಗಿದಿದೆ’ ಎಂದು ಹೇಳಿದರೆ, ವರದಿಗಾರನು ‘ಇಸ್ಟ್’ ಎಂದು ಬರೆಯುವುದಿಲ್ಲ, ‘ಜ಼ೈ’ ಎಂದು ಬರೆಯುತ್ತಾನೆ. ಹಾಗೆ ಬರೆದಾಗ ಪತ್ರಿಕೆ ಆ ಮಾತನ್ನು ಅನುಮಾನಿಸಿತು ಎಂದಾಗಲಿ ಒಪ್ಪಿತು ಎಂದಾಗಲಿ ಅರ್ಥವಲ್ಲ. ಇದು ಇಂಥವರ ನೆಲೆಯಿಂದ ಬಂದ ಮಾತು ಎಂಬ ಸೂಚನೆ ಅದು. ಕುಕನೂರಿನ ಮಾತಿನಲ್ಲಿ ‘ಐತಂತ’ ಎಂಬುದು ಮಾಡುವ ಕೆಲಸವೂ ಇದೇ.

‘ಸ್ಯಾತ್’ ಶಬ್ದವನ್ನು ಕನ್ನಡದ ಅನೇಕ ಪಠ್ಯಗಳೂ ಭಾಷಣಗಳೂ ‘ಇರಬಹುದು’, ‘ಬಹುಶಃ’ ಎಂದು ಅನುವಾದಿಸುತ್ತವೆ. ಸ್ಯಾದ್ವಾದವೆಂದರೆ ಸಂಶಯವಾದವೆಂಬ ಹಳೆಯ ಆಕ್ಷೇಪ ಹೊಸ ಜೀವ ಪಡೆಯುವುದು ಇಲ್ಲಿಂದಲೇ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಈ ‘ಸ್ಯಾತ್’ ಕ್ರಿಯಾಪದವಲ್ಲ, ನಿಪಾತ ಎಂದು ಸ್ಪಷ್ಟಪಡಿಸಿದ್ದಾರೆ. ಅದರ ಅರ್ಥ ‘ಕಥಂಚಿತ್’, ಅಂದರೆ ‘ಒಂದು ನಿರ್ದಿಷ್ಟ ಅಪೇಕ್ಷೆಯಿಂದ’. ಏಕಾಂತವನ್ನು ಬಿಡುವುದು ಅದರ ಕಾರ್ಯ, ನಿಶ್ಚಯವನ್ನು ಬಿಡುವುದಲ್ಲ. ಮಣ್ಣಿನ ದೃಷ್ಟಿಯಿಂದ ಗಡಿಗೆ ಇದೆ ಎಂಬುದು ನಿಶ್ಚಯ. ಚಿನ್ನದ ದೃಷ್ಟಿಯಿಂದ ಇಲ್ಲ ಎಂಬುದೂ ನಿಶ್ಚಯ. ಎರಡರಲ್ಲಿಯೂ ‘ಬಹುಶಃ’ ಎಂಬುದಕ್ಕೆ ಎಡೆಯಿಲ್ಲ.

ಮೂಲ ಒಂದಾದುದರಿಂದ ‘ಜ಼ೈ’ ಮತ್ತು ‘ಸ್ಯಾತ್’ಗಳ ಅರ್ಥವೂ ಒಂದೇ ಎಂದು ಸಾಧಿಸಹೊರಟರೆ ಅದು ಮತ್ತೊಂದು ತಪ್ಪಾದೀತು. ವರದಿಯ ರೂಪವನ್ನು ಜರ್ಮನರು ತಮ್ಮ ಅಗತ್ಯಕ್ಕೆ ಬೆಳೆಸಿಕೊಂಡರು; ನಿಪಾತವನ್ನು ಜೈನ ತಾರ್ಕಿಕರು ತಮ್ಮ ಅಗತ್ಯಕ್ಕೆ ರೂಪಿಸಿಕೊಂಡರು. ಆದರೂ ಈ ಜೋಡಿ ತೋರಿಸಿಕೊಡುವ ಸತ್ಯವೊಂದಿದೆ: ವಿಧ್ಯರ್ಥಕ ರೂಪವೆಂ‌ದರೆ ಸಂಶಯವೇ ಆಗಬೇಕೆಂಬ ನಿಯಮ ಯಾವ ಭಾಷೆಯಲ್ಲಿಯೂ ಇಲ್ಲ. ಹರ್ಮನ್ ಯಾಕೋಬಿಯಂಥ ಜರ್ಮನ್ ವಿದ್ವಾಂಸರು ಜೈನಾಗಮಗಳನ್ನು ಸಂಪಾದಿಸಿ, ಅನುವಾದಿಸಿ, ಜೈನಧರ್ಮ ಬೌದ್ಧಧರ್ಮದ ಶಾಖೆಯಲ್ಲವೆಂದು ಸಿದ್ಧಪಡಿಸಿದ್ದನ್ನು ಕೃತಜ್ಞತೆಯಿಂದ ನೆನೆಯುವ ಸಮಾಜ, ತನ್ನ ಮುಖ್ಯ ಪದವೊಂದರ ಅನುವಾದದಲ್ಲಿ ಆ ಶ್ರದ್ಧೆಯ ಒಂದಂಶವನ್ನಾದರೂ ತೋರಿಸಬೇಕು. ‘ಒಂದು ನಯದಿಂದ ಇದೆ’ ಎಂಬ ಕನ್ನಡ ಸಾಕಷ್ಟು ಸ್ಪಷ್ಟವೂ ಸುಂದರವೂ ಆಗಿದೆ.

ಆಗಬೇಕಾದದ್ದು

ಕುಕನೂರಿನ ವಿದ್ಯಾರ್ಥಿಗೆ ಜರ್ಮನ್ ಕ್ರಿಯಾಪದ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಅವನು ಜರ್ಮನ್ ಕಲಿಯಬೇಕೆಂಬುದು ಇಲ್ಲಿನ ವಾದವಲ್ಲ. ಪದವಿ ತರಗತಿಗಳಲ್ಲಿ ಆಖ್ಯಾತ ಪ್ರಕರಣ ಇಂದು ಸೂತ್ರಗಳ ಉರುಹೊಡೆಯುವಿಕೆಯಾಗಿ ಉಳಿದಿದೆ; ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಅದನ್ನು ಮೂರು ಕಂಬಗಳಲ್ಲಿ ಕಲಿಸಬಹುದು. ಮೊದಲನೆಯದರಲ್ಲಿ ಕೇಶಿರಾಜ ಹೇಳಿದ ರೂಪ. ಎರಡನೆಯದರಲ್ಲಿ ಇಂದಿನ ಗ್ರಾಂಥಿಕ ರೂಪ. ಮೂರನೆಯದರಲ್ಲಿ ವಿದ್ಯಾರ್ಥಿ ತನ್ನ ತಾಯಿಯ, ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡ ರೂಪ. ಇರ್ದಪಂ, ಇದ್ದಾನೆ, ಅದಾನ. ಒಲ್ಲೆಂ, ಒಲ್ಲೆನು, ಒಲ್ಲೆ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ. ಒಂದು ನೋಟುಪುಸ್ತಕ ಸಾಕು. ಹೀಗೆ ಕಲಿತ ವಿದ್ಯಾರ್ಥಿಗೆ ತನ್ನ ಮಾತಿನ ಬಗ್ಗೆ ಕೀಳರಿಮೆ ಉಳಿಯುವುದಿಲ್ಲ. ಸಿಕ್ಕಸಿಕ್ಕ ಭಾಷೆಯ ಪದಗಳಿಗೆಲ್ಲ ಕನ್ನಡವೇ ತಾಯಿ ಎನ್ನುವ ಹುಸಿ ಹೆಮ್ಮೆಯೂ ಅವನನ್ನು ಮುಟ್ಟುವುದಿಲ್ಲ. ಕೀಳರಿಮೆ ಮತ್ತು ಹುಸಿ ಹೆಮ್ಮೆ ಎರಡೂ ತಿಳಿವಳಿಕೆ ಇಲ್ಲದ ಕಡೆಯೇ ಬೆಳೆಯುವ ಕಳೆಗಳು.

ಉಮಾಸ್ವಾತಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಸತ್ತಿಗೆ ಉತ್ಪತ್ತಿ, ವ್ಯಯ, ಧ್ರೌವ್ಯ ಎಂಬ ಮೂರು ಲಕ್ಷಣಗಳನ್ನು ಹೇಳುತ್ತಾರೆ. ‘ಸತ್’ ಕೂಡ ‘ಅಸ್’ ಧಾತುವಿನ ರೂಪವೇ. ಆ ಧಾತುವಿನ ಚರಿತ್ರೆಯೇ ಆ ಲಕ್ಷಣಕ್ಕೆ ಉದಾಹರಣೆಯಾಗಿದೆ: ಜರ್ಮನಿನಲ್ಲಿ ‘ವೆಸನ್’ ಎಂಬ ಹಳೆಯ ಧಾತುರೂಪ ಹಿಂದೆ ಸರಿಯಿತು, ‘ಜ಼ೈನ್’ ಎಂಬ ಹೊಸದು ಆ ಸ್ಥಾನಕ್ಕೆ ಬಂತು, ‘ಇಸ್ಟ್’ ಸಾವಿರಾರು ವರ್ಷಗಳಿಂದ ನಿಂತೇ ಇದೆ. ಕನ್ನಡದಲ್ಲಿಯೂ ‘ಇರ್ದಪಂ’ ಹೋಯಿತು, ‘ಅದಾನ’ ಹುಟ್ಟಿತು, ‘ಇರ್’ ಉಳಿಯಿತು. ತಿರುಳ್ಗನ್ನಡದ ನಾಡಿನಲ್ಲಿ ಉಳಿದಿರುವುದನ್ನು ತಪ್ಪೆಂದು ಅಳಿಸುವ ಮೊದಲು, ಅದು ಎಲ್ಲಿಂದ ಬಂತು ಎಂದು ಒಮ್ಮೆ ಕೇಳುವುದು ವಿದ್ಯೆಯ ಕನಿಷ್ಠ ಸೌಜನ್ಯ.